ಓಡೋಮೀಟರ್ ಬಿಡಿ, ಮಾರುವವರ ಎಡಗಾಲು ನೋಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದವರ ಕಣ್ಣು ಮೊದಲು ಹೋಗೋದು ಓಡೋಮೀಟರ್ ಮೇಲೆ. 70,000 ಕಿಲೋಮೀಟರ್ ಅಂತ ಕಂಡರೆ ಮುಂದಿನ ಪ್ರಶ್ನೆ ಬಾಯಲ್ಲೇ ಇರುತ್ತೆ: "ಕ್ಲಚ್ ಇನ್ನೂ ಎಷ್ಟು ಬಾಳಿಕೆ ಬರುತ್ತೆ?" ಮಾರುವವರೂ ತಡ ಮಾಡೋದಿಲ್ಲ: "ಒಂದು ಲಕ್ಷದವರೆಗೆ ಕೈ ಹಾಕೋದೇ ಬೇಡ ಸರ್." ನನ್ನ ಮಾತು ಕೇಳಿ, ಆ ಪ್ರಶ್ನೆ ಕೇಳಲೇಬೇಡಿ. ಅದಕ್ಕೆ ಸರಿಯಾದ ಉತ್ತರ ಯಾರ ಹತ್ತಿರವೂ ಇಲ್ಲ, ಕಾರು ತಯಾರಿಸಿದವರ ಹತ್ತಿರವೂ ಇಲ್ಲ. ಯಾಕಂದ್ರೆ ಕ್ಲಚ್ ಸವೆಯೋದು ಓಡಿದ ಲೆಕ್ಕದಲ್ಲಿ ಅಲ್ಲ, ಜಾರಿದ ಲೆಕ್ಕದಲ್ಲಿ.

ಒಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡೋಣ. ಇಂಜಿನ್ ಹಿಂಭಾಗದಲ್ಲಿ ಫ್ಲೈವೀಲ್ (ಇಂಜಿನ್ ಜೊತೆಗೇ ತಿರುಗುವ ಭಾರದ ಚಕ್ರ), ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ಪ್ರೆಶರ್ ಪ್ಲೇಟ್, ಇವೆರಡರ ಮಧ್ಯೆ ಗೇರ್‌ಬಾಕ್ಸ್‌ಗೆ ಸೇರಿದ ಕ್ಲಚ್ ಪ್ಲೇಟ್. ಕ್ಲಚ್ ಪ್ಲೇಟಿನ ಎರಡೂ ಮುಖಕ್ಕೆ ಬ್ರೇಕ್ ಲೈನಿಂಗ್ ಥರದ್ದೇ ಒಂದು ಪದರ ಇರುತ್ತೆ. ಪೆಡಲ್‌ನಿಂದ ಕಾಲು ಪೂರ್ತಿ ತೆಗೆದಾಗ ಪ್ರೆಶರ್ ಪ್ಲೇಟಿನ ಡಯಾಫ್ರಮ್ ಸ್ಪ್ರಿಂಗ್ ಇದನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತೆ. ಎಲ್ಲ ಒಟ್ಟಿಗೇ ತಿರುಗುತ್ತವೆ, ಉಜ್ಜಾಟ ಇಲ್ಲ, ಸವೆತವೂ ಇಲ್ಲ. ಸವೆಯೋದು ಪೆಡಲ್ ಬಿಡುತ್ತಾ ಇರುವ ಆ ಒಂದೆರಡು ಸೆಕೆಂಡಿನಲ್ಲಿ, ಫ್ಲೈವೀಲ್ ಜೋರಾಗಿ ತಿರುಗ್ತಾ ಕ್ಲಚ್ ಪ್ಲೇಟ್ ಇನ್ನೂ ಅದರ ವೇಗಕ್ಕೆ ಬರದೇ ಇರುವಾಗ.

ನಿಂತ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ 1,500 ಆರ್‌ಪಿಎಂನಲ್ಲಿ (ಅಂದ್ರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎತ್ತೋದಕ್ಕೂ 3,000ದಲ್ಲಿ ಎತ್ತೋದಕ್ಕೂ ಕ್ಲಚ್ ನುಂಗುವ ಶಾಖದ ವ್ಯತ್ಯಾಸ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು. ಇಂಜಿನ್ ತಿರುಗುವ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಅದು ಏರುತ್ತೆ. ಇದರ ಮೇಲೆ ಏರು, ತುಂಬಿದ ಗಾಡಿ, ಹಿಂದೆ ಕಟ್ಟಿದ ಟ್ರೇಲರ್, ಏರಿನಲ್ಲಿ ಇಂಚಿಂಚಾಗಿ ರಿವರ್ಸ್ ತೆಗೆಯೋದು ಎಲ್ಲ ಸೇರಿಸಿಕೊಳ್ಳಿ. ಹೆದ್ದಾರಿಯಲ್ಲಿ 100 ಕಿಲೋಮೀಟರ್ ಓಡಿದ ಕಾರು ಹತ್ತು ಹದಿನೈದು ಸಲ ಕ್ಲಚ್ ಬಳಸಿರಬಹುದು. ಟ್ರಾಫಿಕ್‌ನಲ್ಲಿ ಐದೇ ಕಿಲೋಮೀಟರ್ ತೆವಳಿದ ಕಾರು ಅದರ ಎಷ್ಟೋ ಪಟ್ಟು ಬಳಸಿರುತ್ತೆ. ಹಾಗಾಗಿ 2 ಲಕ್ಷ ಕಿಲೋಮೀಟರ್ ದಾಟಿಯೂ ಮೊದಲಿನ ಕ್ಲಚ್‌ನಲ್ಲೇ ಓಡುವ ಕಾರುಗಳಿವೆ, 30,000ಕ್ಕೇ ಲೈನಿಂಗ್ ಸುಟ್ಟುಕೊಂಡ ಕಾರುಗಳೂ ಇವೆ. ಸುಮ್ಮನೆ ಒಂದು ಅಂದಾಜು ಬೇಕೇ ಬೇಕು ಅಂದ್ರೆ 80,000ದಿಂದ 1.5 ಲಕ್ಷ ಅನ್ನಬಹುದು. ಆದರೆ ಇಷ್ಟು ಅಗಲದ ಅಂದಾಜು ಇಟ್ಟುಕೊಂಡು ಯಾರೂ ಕಾರಿನ ವ್ಯಾಪಾರ ಮಾಡೋಕಾಗಲ್ಲ.

ಅದಕ್ಕೇ ಹೇಳೋದು, ಟೆಸ್ಟ್ ಡ್ರೈವ್‌ನ ಮೊದಲ ಐದು ನಿಮಿಷ ಮಾರುವವರೇ ಓಡಿಸಲಿ. ನೀವು ಪಕ್ಕದಲ್ಲಿ ಕೂತು ಅವರ ಎಡಗಾಲು ನೋಡಿ. ಗೇರ್ ಹಾಕಿದ ಮೇಲೆ ಪಾದ ಪೆಡಲ್‌ನಿಂದ ಪಕ್ಕಕ್ಕೆ ಇಳಿಯುತ್ತಾ, ಅಥವಾ ಅಲ್ಲೇ ಒರಗಿಕೊಂಡಿರುತ್ತಾ? ಏರಿನಲ್ಲಿ ನಿಂತಾಗ ಬ್ರೇಕ್ ಹಿಡಿಯುತ್ತಾರಾ, ಅಥವಾ ಹಾಫ್ ಕ್ಲಚ್‌ನಲ್ಲಿ ರೇಸ್ ಕೊಡ್ತಾ ಗಾಡಿಯನ್ನು ತೂಗಾಡಿಸ್ತಾರಾ? ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕ್ತಾರಾ, ಅಥವಾ ಮೊದಲ ಗೇರ್‌ನಲ್ಲೇ ಪೆಡಲ್ ಒತ್ತಿ ಕಾಯ್ತಾರಾ? ಕೊನೆಯದರಿಂದ ಲೈನಿಂಗ್‌ಗಿಂತ ರಿಲೀಸ್ ಬೇರಿಂಗ್‌ಗೆ (ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ಅದುಮುವ ಭಾಗ) ಹೆಚ್ಚು ಪೆಟ್ಟು. ಓಡೋಮೀಟರ್‌ಗಿಂತ ಆ ಕಾಲು ನಿಮಗೆ ಹೆಚ್ಚು ಹೇಳುತ್ತೆ. ಪೆಡಲ್‌ನ ರಬ್ಬರ್ ಕೂಡ ನೋಡಿ. 40,000 ತೋರಿಸುವ ಕಾರಿನಲ್ಲಿ ರಬ್ಬರ್‌ನ ಗೆರೆ ಅಳಿಸಿ ನುಣ್ಣಗಾಗಿದ್ದರೆ, ಒಂದೋ ಅದು ಟ್ರಾಫಿಕ್‌ನಲ್ಲೇ ಬದುಕಿದ ಕಾರು, ಇಲ್ಲಾ ಆ 40,000ವೇ ಸುಳ್ಳು.

ಈಗ, ಎಲ್ಲರೂ ಮಾಡುವ ಒಂದು ಪರೀಕ್ಷೆಯ ಬಗ್ಗೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡೋದು. ಇಂಜಿನ್ ಆಫ್ ಆದರೆ ಕ್ಲಚ್ ಚೆನ್ನಾಗಿದೆ ಅಂತ ತೀರ್ಮಾನ. ನನಗೆ ಈ ತೀರ್ಮಾನದಲ್ಲಿ ನಂಬಿಕೆಯೇ ಇಲ್ಲ. ಐಡಲ್‌ನಲ್ಲಿ, ಅಂದ್ರೆ ರೇಸ್ ಕೊಡದೇ ಇರುವಾಗ, ಇಂಜಿನ್ ಕೊಡುವ ಟಾರ್ಕ್ (ತಿರುಗಿಸುವ ಬಲ) ತೀರಾ ಕಡಿಮೆ, ಮುಕ್ಕಾಲು ಸತ್ತ ಕ್ಲಚ್ ಕೂಡ ಅದನ್ನು ಹಿಡಿದು ನಿಲ್ಲಿಸುತ್ತೆ. ಇಂಜಿನ್ ಆಫ್ ಆಗಲೇ ಇಲ್ಲ ಅಂದ್ರೆ ಕ್ಲಚ್ ಮುಗಿದಿದೆ ಅನ್ನೋದು ಖಂಡಿತ. ಆದರೆ ಆಫ್ ಆಯಿತು ಅನ್ನೋದರಿಂದ ನಿಮಗೆ ಗೊತ್ತಾಗೋದು ಏನೂ ಇಲ್ಲ. ಇನ್ನು ಕೆಲವರು ರೇಸ್ ಕೊಟ್ಟು ಇದನ್ನೇ ನಾಲ್ಕೈದು ಸಲ ಮಾಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಪರೀಕ್ಷೆಯಲ್ಲ, ಲೈನಿಂಗ್ ಸುಡೋದು.

ಕ್ಲಚ್ ಸೋಲೋದು ಇಂಜಿನ್ ಅತಿ ಹೆಚ್ಚು ಟಾರ್ಕ್ ಕೊಡುವಾಗ, ಅದೂ ಬಿಸಿಯಾಗಿದ್ದಾಗ. ಪರೀಕ್ಷೆಯೂ ಅಲ್ಲೇ ಆಗಬೇಕು. ಕಾರನ್ನು 20 ನಿಮಿಷ ಓಡಿಸಿ, ನಡುವೆ ಹತ್ತಾರು ಸಲ ನಿಲ್ಲಿಸಿ ಎತ್ತಿ. ಆಮೇಲೆ ಖಾಲಿಯಾದ ನೇರ ರಸ್ತೆ ಹುಡುಕಿ. ಟರ್ಬೊ ಡೀಸೆಲ್ ಆದರೆ ನಾಲ್ಕನೇ ಗೇರ್‌ನಲ್ಲಿ 1,500 ಆರ್‌ಪಿಎಂಗೆ ಇಳಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ 2,500 ದಾಟುವವರೆಗೆ ಬಿಡಬೇಡಿ, ಅದರ ಟಾರ್ಕ್ ಇರೋದೇ ಅಲ್ಲಿ. ಟರ್ಬೊ ಇಲ್ಲದ ಪೆಟ್ರೋಲ್ ಆದರೆ ಮೂರನೇ ಗೇರ್, 2,500ರಿಂದ 4,500ರವರೆಗೆ. ವೇಗದ ಮಿತಿಯೊಳಗೇ ಇರಲಿ, ಬೇಕಾದರೆ ಏರು ರಸ್ತೆಯನ್ನೇ ಆರಿಸಿಕೊಳ್ಳಿ.

ನೋಡಬೇಕಾದದ್ದು ಎರಡು ಮುಳ್ಳುಗಳನ್ನು. ಒಂದೇ ಗೇರ್‌ನಲ್ಲಿ ಆರ್‌ಪಿಎಂಗೂ ವೇಗಕ್ಕೂ ಇರುವ ಸಂಬಂಧ ಬದಲಾಗೋದಿಲ್ಲ. ನಾಲ್ಕನೇ ಗೇರ್‌ನಲ್ಲಿ 2,000ಕ್ಕೆ 50 ಕಿಲೋಮೀಟರ್ ವೇಗ ಇದ್ದರೆ, 3,000ಕ್ಕೆ 75 ಇರಲೇಬೇಕು. ಒತ್ತಿದ ಕೂಡಲೇ ಆರ್‌ಪಿಎಂ ಮುಳ್ಳು ಮುನ್ನೂರೋ ನಾನೂರೋ ಮೇಲಕ್ಕೆ ಚಿಮ್ಮಿ, ವೇಗದ ಮುಳ್ಳು ಅಲ್ಲೇ ಉಳಿದು, ಕಾಲು ಸಡಿಲಿಸಿದಾಗ ಮತ್ತೆ ಎರಡೂ ಹೊಂದಿಕೊಂಡರೆ ಅದು ಸ್ಲಿಪ್, ಅಂದ್ರೆ ಕ್ಲಚ್ ಜಾರ್ತಾ ಇದೆ. ಅಲ್ಲಿಗೇ ನಿಲ್ಲಿಸಿ, ಇನ್ನೊಮ್ಮೆ ಒತ್ತಿ ನೋಡೋದು ಬೇಡ. ಒಳಗೆ ಸುಟ್ಟ ವಾಸನೆ ಬಂದರಂತೂ ಅನುಮಾನವೇ ಬೇಡ.

ಇದರಲ್ಲಿ ಜನರನ್ನು ಮೋಸಗೊಳಿಸುವ ಒಂದು ಸಂಗತಿ ಇದೆ. ಲೈನಿಂಗ್ ತೆಳುವಾಗ್ತಾ ಹೋದ ಹಾಗೆ ಹಿಡಿತ ನಿಧಾನಕ್ಕೆ ಕಡಿಮೆಯಾಗುತ್ತೆ ಅಂತ ನಾವು ಅಂದುಕೊಳ್ತೀವಿ. ಸಾಮಾನ್ಯ ಡಯಾಫ್ರಮ್ ಸ್ಪ್ರಿಂಗ್ ಇರುವ ಕ್ಲಚ್‌ನಲ್ಲಿ ಹಾಗಾಗೋದಿಲ್ಲ. ಸವೆತದ ಮೊದಲ ಭಾಗದಲ್ಲಿ ಆ ಸ್ಪ್ರಿಂಗ್‌ನ ಒತ್ತಡ ಏರುತ್ತೆ, ಆಮೇಲೆ ತುದಿ ಮುಟ್ಟಿ ಇಳಿಯೋಕೆ ಶುರುವಾಗುತ್ತೆ. ಹಾಗಾಗಿ ಅರ್ಧ ಸವೆದ ಕ್ಲಚ್ ಸ್ಲಿಪ್ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತೆ, ಆದರೆ ಪೆಡಲ್ ಗಟ್ಟಿಯಾಗಿರುತ್ತೆ. ಅದೇ ಮಾಡೆಲ್‌ನ ಇನ್ನೊಂದು ಕಾರಿನ ಪೆಡಲ್ ಒತ್ತಿ ನೋಡಿ ಹೋಲಿಸಿ. ಗಮನಕ್ಕೆ ಬರುವಷ್ಟು ಬಿಗಿ ಇದ್ದರೆ ಲೈನಿಂಗ್ ಬಹುಪಾಲು ತಿಂದಾಗಿದೆ ಅಂತಲೇ ಲೆಕ್ಕ ಹಾಕಬೇಕು. ಕೇಬಲ್ ಹಳತಾಗಿ ಒಳಗೆ ಉಜ್ಜಿದರೂ ಬಿಗಿ ಬರುತ್ತೆ, ಅದನ್ನು ಮೊದಲು ಬೇರೆ ಮಾಡಿಕೊಳ್ಳಿ.

ಗಾಡಿ ಹಿಡಿಯುವ ಪಾಯಿಂಟ್ ಬಗ್ಗೆಯೂ ಇಂಥದ್ದೇ ಒಂದು ಅರ್ಧಸತ್ಯ ಓಡಾಡ್ತಾ ಇದೆ. ಪೆಡಲ್ ತೀರಾ ಮೇಲೆ ಬಂದಮೇಲೆ ಹಿಡಿದರೆ ಕ್ಲಚ್ ಹೋಗಿದೆ ಅಂತ. ಅಡ್ಜಸ್ಟ್‌ಮೆಂಟ್ ಇರುವ ಕೇಬಲ್ ಕ್ಲಚ್‌ಗೆ ಇದು ಸರಿ: ಲೈನಿಂಗ್ ಸವೆದಂತೆ ಪೆಡಲ್‌ನ ಫ್ರೀ ಪ್ಲೇ (ಒತ್ತಿದಾಗ ಮೊದಲಿಗೆ ಸಿಗುವ ಸಡಿಲ) ಕರಗಿ ಪಾಯಿಂಟ್ ಮೇಲೇರುತ್ತೆ. ಆದರೆ ಮಾರುವ ಮುಂಚೆ ನಟ್ ನಾಲ್ಕು ಸುತ್ತು ತಿರುಗಿಸಿದರೆ ಅದು ಮತ್ತೆ ಕೆಳಗಿಳಿಯುತ್ತೆ. ಬಾನೆಟ್ ಎತ್ತಿ ಕೇಬಲ್ ತುದಿಯ ಥ್ರೆಡ್ ನೋಡಿ, ಅಡ್ಜಸ್ಟ್ ಮಾಡೋಕೆ ಜಾಗವೇ ಉಳಿದಿಲ್ಲ ಅಂದ್ರೆ ಪ್ಲೇಟ್ ಕೂಡ ಉಳಿದಿಲ್ಲ. ಕೇಬಲ್ ಬದಲು ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್‌ನಲ್ಲಿ ಕಥೆ ಬೇರೆ. ಸವೆತವನ್ನು ಸ್ಲೇವ್ ಸಿಲಿಂಡರ್ (ಆ ಒತ್ತಡವನ್ನು ರಿಲೀಸ್ ಬೇರಿಂಗ್‌ಗೆ ಮುಟ್ಟಿಸುವ ಭಾಗ) ತಾನೇ ಸರಿದೂಗಿಸಿಕೊಳ್ಳುತ್ತೆ, ಪಾಯಿಂಟ್ ಹೆಚ್ಚು ಬದಲಾಗೋದಿಲ್ಲ. ಅಲ್ಲಿ ಪೆಡಲ್ ತಳಕ್ಕೆ ಹತ್ತಿರ ಹಿಡಿದರೆ ಅಥವಾ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ ಇಲ್ಲವೇ ಎಲ್ಲೋ ಸೋರ್ತಿದೆ.

ಸೋರಿಕೆಯನ್ನು ಗೇರ್‌ಬಾಕ್ಸ್ ಇಂಜಿನ್‌ಗೆ ಸೇರುವ ಜಾಗದಲ್ಲಿ ಕೆಳಗಿನಿಂದ ನೋಡಬೇಕು. ಬೆರಳಿಗೆ ಹಚ್ಚಿಕೊಂಡು ಮೂಸಿ. ಕಪ್ಪಗಿನ ಇಂಜಿನ್ ಆಯಿಲ್ ಆದರೆ ಕ್ರ್ಯಾಂಕ್‌ನ (ಇಂಜಿನ್‌ನ ತಿರುಗುವ ಮುಖ್ಯ ದಂಡ) ಹಿಂಬದಿ ಸೀಲ್ ಮೇಲೆ ಅನುಮಾನ. ಗಂಧಕದ ಥರ ಮೂಗಿಗೆ ಹೊಡೆದರೆ ಗೇರ್ ಆಯಿಲ್. ಬ್ರೇಕ್ ಆಯಿಲ್ ಆದರೆ ಗೇರ್‌ಬಾಕ್ಸ್ ಒಳಗಿರುವ ಸ್ಲೇವ್ ಸಿಲಿಂಡರ್ ಹೋಗಿರಬಹುದು. ಇದು ಮುಖ್ಯ, ಯಾಕಂದ್ರೆ ಎಣ್ಣೆ ಕುಡಿದ ಲೈನಿಂಗ್ ದಪ್ಪ ಇದ್ದರೂ ನಿಷ್ಪ್ರಯೋಜಕ. ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ಹಾಗೇ ಹಾಳಾಗುತ್ತೆ.

ಶಬ್ದಕ್ಕೆ ಬರೋಣ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡ್ತಾ ಇರಲಿ, ಕಿಟಕಿ ಇಳಿಸಿ. ಪೆಡಲ್ ಒತ್ತಿದಾಗ ಕಿರ್ರ್ ಅಂತ ಶುರುವಾದರೆ ರಿಲೀಸ್ ಬೇರಿಂಗ್. ಬಿಟ್ಟಾಗ ಇದ್ದ ಗೊರಗೊರ ಒತ್ತಿದಾಗ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಕಡೆ ಬೆರಳು ತೋರಿಸುತ್ತೆ, ಅದು ಕ್ಲಚ್‌ನ ಖರ್ಚಲ್ಲ, ಬೇರೆಯದೇ ಖರ್ಚು. ಆಮೇಲೆ ಪೆಡಲ್ ಪೂರ್ತಿ ಒತ್ತಿ, ಮೂರು ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ಕಾದ ಮೇಲೂ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ. ಕಾಯದೆ ಹಾಕಿದಾಗ ಕರಕರ ಅನ್ನೋದು ಎಷ್ಟೋ ಕಾರುಗಳಲ್ಲಿ ಸಹಜ, ಅದಕ್ಕೆ ಹೆದರಬೇಡಿ. ಎತ್ತುವಾಗ ಗಾಡಿ ನಡುಗೋದೂ ಹಾಗೇ: ರಾತ್ರಿಯಿಡೀ ತೇವದಲ್ಲಿ ನಿಂತ ಕಾರು ಬೆಳಿಗ್ಗೆ ಒಂದೆರಡು ಸಲ ನಡುಗಿದರೆ ಫ್ಲೈವೀಲ್ ಮೇಲಿನ ತೆಳು ತುಕ್ಕು. ಬಿಸಿಯಾದ ಮೇಲೂ ನಡುಗಿದರೆ ಎಣ್ಣೆ, ಸುಟ್ಟ ಫ್ಲೈವೀಲ್ ಅಥವಾ ಸಡಿಲವಾದ ಇಂಜಿನ್ ಮೌಂಟ್.

ಡೀಸೆಲ್ ಕೊಳ್ಳುವವರು ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಅನೇಕ ಡೀಸೆಲ್‌ಗಳಲ್ಲಿ, ಈಗ ಕೆಲವು ಪೆಟ್ರೋಲ್‌ಗಳಲ್ಲೂ, ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತೆ. ಎರಡು ಭಾಗ, ನಡುವೆ ಉದ್ದನೆಯ ಸ್ಪ್ರಿಂಗ್‌ಗಳು, ಇಂಜಿನ್‌ನ ಕಂಪನ ನುಂಗೋಕೆ. ಸ್ಪ್ರಿಂಗ್ ಸೋತಾಗ ಸ್ಟಾರ್ಟ್ ಮಾಡುವಾಗ, ಅದಕ್ಕಿಂತ ಸ್ಪಷ್ಟವಾಗಿ ಆಫ್ ಮಾಡುವಾಗ, ಡಬ್ಬದಲ್ಲಿ ಬೋಲ್ಟ್ ಉರುಳಿದ ಹಾಗೆ ಶಬ್ದ ಬರುತ್ತೆ. ಈ ಒಂದು ಭಾಗವೇ ಎಷ್ಟೋ ಸಲ ಇಡೀ ಕ್ಲಚ್ ಸೆಟ್‌ಗಿಂತ ದುಬಾರಿ. ಹಾಗಾಗಿ ಕಾರು ನೋಡೋಕೆ ಹೋಗುವ ಮುಂಚೆಯೇ ಆ ಮಾಡೆಲ್, ಆ ಇಂಜಿನ್‌ಗೆ ಯಾವ ಫ್ಲೈವೀಲ್ ಇದೆ ಅಂತ ತಿಳಿದುಕೊಂಡಿರಿ, ಕ್ಲಚ್ ಕೆಲಸದ ಪೂರ್ತಿ ಎಸ್ಟಿಮೇಟ್ ತೆಗೆದುಕೊಂಡಿರಿ: ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ, ಸೀಲ್, ಮತ್ತು ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ. ಫೋರ್ ವೀಲ್ ಡ್ರೈವ್‌ನಲ್ಲಿ ಈ ಕೂಲಿಯೇ ಭಾರ.

ವ್ಯಾಪಾರದಲ್ಲಿ ನನ್ನ ನಿಲುವು ನೇರ. ಸ್ಲಿಪ್ ಕಂಡರೆ ಎಸ್ಟಿಮೇಟ್‌ನ ಪೂರ್ತಿ ಮೊತ್ತ ಕಾರಿನ ಬೆಲೆಯಿಂದ ಕಳೆಯಿರಿ. ಸ್ಲಿಪ್ ಇಲ್ಲ, ಆದರೆ ಕ್ಲಚ್ ಬದಲಿಸಿದ ಬಿಲ್ಲೂ ಇಲ್ಲ, ಪೆಡಲ್ ಗಟ್ಟಿ ಅಂದ್ರೆ ಅರ್ಧ ಕಳೆಯಿರಿ. ಸೋತ ಕ್ಲಚ್ ಒಳ್ಳೆಯ ಕಾರನ್ನು ಬಿಟ್ಟು ಬರೋಕೆ ಕಾರಣ ಅಲ್ಲ, ಅದು ಟೈರ್‌ನಂತೆ ಸವೆಯಲೆಂದೇ ಇರುವ ಭಾಗ. "ಹೋದ ತಿಂಗಳೇ ಹೊಸ ಕ್ಲಚ್ ಹಾಕಿಸಿದ್ದೇವೆ" ಅಂದರೆ ಬಿಲ್ ಕೇಳಿ, ಅದರಲ್ಲಿ ಮೂರೂ ಭಾಗ ಇವೆಯಾ ನೋಡಿ. ಬರೀ ಪ್ಲೇಟ್ ಹಾಕಿಸಿದ್ದರೆ ಹಳೇ ಬೇರಿಂಗ್ ಕೂಗಿದ ದಿನ ಮತ್ತೆ ಗೇರ್‌ಬಾಕ್ಸ್ ಇಳಿಸಲೇಬೇಕು. 50,000 ಕಿಲೋಮೀಟರ್ ಒಳಗೇ ಎರಡನೇ ಕ್ಲಚ್ ಬಿದ್ದಿದ್ದರೆ ಆ ಕಾರನ್ನು ಯಾರು, ಎಲ್ಲಿ, ಏನು ಎಳೆಯೋಕೆ ಓಡಿಸಿದರು ಅಂತ ಕೇಳಿ, ಇಂಜಿನ್ ರೀಮ್ಯಾಪ್ (ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸೋದು) ಮಾಡಿಸಿದ್ದಾರಾ ಅಂತಲೂ ಕೇಳಿ. ಟಾರ್ಕ್ ಹೆಚ್ಚಿಸಿದ ಇಂಜಿನ್‌ಗೆ ಕಂಪನಿಯ ಕ್ಲಚ್ ಸಾಲದೇ ಹೋಗಬಹುದು.

ಮತ್ತೆ ಒಂದು ಮಾತು, ಫೋನಿನಲ್ಲೇ ಹೇಳಿಬಿಡಿ: ನಾನು ಬರುವವರೆಗೆ ಇಂಜಿನ್ ಸ್ಟಾರ್ಟ್ ಮಾಡಬೇಡಿ, ಬಂದಮೇಲೆ ನನಗೆ ಅರ್ಧ ಗಂಟೆ ಓಡಿಸೋಕೆ ಬೇಕು. ತಣ್ಣಗಿದ್ದಾಗ ಶಬ್ದ, ಬಿಸಿಯಾದಾಗ ಸ್ಲಿಪ್, ಎರಡಕ್ಕೂ ಅಷ್ಟು ಸಮಯ ಬೇಕೇ ಬೇಕು. ಬೀದಿಯ ತುದಿಯವರೆಗೆ ಹೋಗಿ ಬನ್ನಿ ಸಾಕು ಅನ್ನುವವರ ಕಾರು ನೋಡೋಕೆ ನಾನಂತೂ ಹೋಗೋದಿಲ್ಲ.