ಅಜ್ಜಿಗೂ ಒಂದು ಚಾಪೆ ಹಾಸೋಣ

ಕೇಳುಗರೆ, ನಮಸ್ಕಾರ.

ಅ ಅರಸ, ಆ ಆನೆ. ನಾವೆಲ್ಲ ಹೀಗೇ ಅಲ್ವಾ ಕಲಿತದ್ದು? ನಾನು ಮೊದಲು ಆನೆ ನೋಡಿದ್ದು ಗೋಡೆಗೆ ತೂಗುಹಾಕಿದ್ದ ಪಟದಲ್ಲಿ. ಆಮೇಲೆ ದಸರೆಯಲ್ಲಿ. ಆನೆ ಅಂದರೆ ನನಗೆ ಬಹಳ ವರ್ಷ ಅಂಬಾರಿಯೇ ಆಗಿತ್ತು.

ಒಂದು ದಿನ ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನ ಅಂಗನವಾಡಿಯಲ್ಲಿ ಕುಳಿತಿದ್ದೆ. ಪೋಡು ಅಂದರೆ ಈ ಕಾಡಿನ ಬುಡಕಟ್ಟು ಜನ ಸೋಲಿಗರ ಊರು. ಟೀಚರ್ ಅದೇ ಪಟ ಎತ್ತಿ ಹಿಡಿದು, 'ಇದೇನು ಮಕ್ಕಳೇ?' ಎಂದು ಕೇಳಿದರು. ನಾಲ್ಕು ವರ್ಷದ ಒಬ್ಬ ಹುಡುಗಿ ಪಟ ನೋಡಲಿಲ್ಲ. ಬಾಗಿಲ ಕಡೆ ನೋಡಿದಳು. 'ರಾತ್ರಿ ಬಂದಿತ್ತು' ಅಂದಳು. 'ಅದಲ್ಲ ಕಂದಾ, ಆ ಅನ್ನು, ಆನೆ ಅನ್ನು' ಎಂದರು ಟೀಚರ್. ಹುಡುಗಿ ಸುಮ್ಮನಾದಳು. ಆಮೇಲೆ ಆ ಬೆಳಿಗ್ಗೆಯೆಲ್ಲ ಅವಳು ಮಾತಾಡಲೇ ಇಲ್ಲ.

ಆ ಟೀಚರ್ ಒಳ್ಳೆಯವರು. ಮಕ್ಕಳೆಂದರೆ ಪ್ರಾಣ. ಆದರೆ ಆ ಪಟ ಕೇಳಿದ ಪ್ರಶ್ನೆಗಿಂತ ಮಗು ಕೊಟ್ಟ ಉತ್ತರ ದೊಡ್ಡದಾಗಿತ್ತು. ಅದನ್ನು ಇಟ್ಟುಕೊಳ್ಳಲು ಆ ಕೋಣೆಯಲ್ಲಿ ಜಾಗ ಇರಲಿಲ್ಲ. ರಾತ್ರಿ ಬಂದ ಆನೆ ಯಾವ ದಾರಿಯಲ್ಲಿ ಬಂತು, ಯಾವ ಮರ ಮುರಿಯಿತು, ಲದ್ದಿ ಬಿಸಿ ಇದ್ದರೆ ಏನರ್ಥ, ಗಾಳಿ ಯಾವ ಕಡೆ ಬೀಸುವಾಗ ಆ ಹಾದಿ ಹಿಡಿಯಬಾರದು, ಇದೆಲ್ಲ ಆ ಮನೆಯಲ್ಲಿ ದಿನಾ ಆಡುವ ಮಾತು. ಮಗು ಅದನ್ನು ಕೇಳುತ್ತಲೇ ಬೆಳೆಯುತ್ತದೆ.

ಚಾಮರಾಜನಗರ ಜಿಲ್ಲೆಯ ಈ ಬೆಟ್ಟಗಳು ಸೋಲಿಗರಿಗೆ ಮೊದಲಿಂದ ಮನೆ. ಬೆಟ್ಟದ ಮೇಲಿನ ರಂಗನಾಥ ಅವರಿಗೆ ಬರೀ ದೇವರಲ್ಲ, ಭಾವ. ತಮ್ಮ ಮನೆಮಗಳು ಕುಸುಮಾಲೆಯನ್ನು ಮದುವೆಯಾದ ಭಾವ. ಭಾರ್ಗವಿ ಹೊಳೆಯ ದಂಡೆಯಲ್ಲಿರುವ ದೊಡ್ಡಸಂಪಿಗೆ ಮರ ಅವರ ದೇವರು. ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನ ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರ ಜಾಗ, ಕಲ್ಲುಗುಡಿ, ವೀರು ಅನ್ನುವ ದೈವದ ಜಾಗ, ಅಬ್ಬಿ ಅನ್ನುವ ನೀರಿನ ಒರತೆ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಎಲ್ಲಕ್ಕೂ ಹೆಸರಿದೆ. ಸೋಲಿಗ ಸಮುದಾಯದವರೇ ಆದ ಸಂಶೋಧಕ ಸಿ. ಮಾದೇಗೌಡ ಮತ್ತು ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರು ಹಿರಿಯರ ಜೊತೆ ಕಾಡು ಸುತ್ತಿ ಇಂಥ ನೂರಾರು ಜಾಗಗಳನ್ನು ನಕಾಶೆಗೆ ಹಾಕಿದರು. ನಮಗೆ ಒಂದೇ ಹಸಿರು ಕಾಡಾಗಿ ಕಾಣುವುದು ಅವರಿಗೆ ಮನೆಯ ಕೋಣೆಗಳಿದ್ದ ಹಾಗೆ.

ಈ ತಿಳಿವಳಿಕೆ ಭಕ್ತಿಯಷ್ಟೇ ಅಲ್ಲ. ಬೇಸಿಗೆ ಜೋರಾಗುವ ಮೊದಲು ಉದುರಿದ ಎಲೆಗೆ ಸಣ್ಣದಾಗಿ ಹಾಕುತ್ತಿದ್ದ ಬೆಂಕಿಯನ್ನು ಸೋಲಿಗರು ತರಗು ಬೆಂಕಿ ಅನ್ನುತ್ತಾರೆ. 1974ರಲ್ಲಿ ಈ ಕಾಡು ವನ್ಯಧಾಮವಾಯಿತು, ತರಗು ಬೆಂಕಿ ನಿಂತಿತು. ಅದು ನಿಂತ ಮೇಲೆಯೇ ಲಂಟಾನ ಕಳೆ ಹೆಚ್ಚಿದ್ದು, ನೆಲ್ಲಿ ಮರಕ್ಕೆ ಅದರ ಸಾರ ಹೀರಿ ಬೆಳೆಯುವ ಉಪ್ಪಿಲು ಅನ್ನುವ ಬದನಿಕೆ ಜಾಸ್ತಿಯಾದದ್ದು ಎಂದು ಹಿರಿಯರು ಹೇಳುತ್ತಾ ಬಂದರು. ಆಮೇಲೆ ವಿಜ್ಞಾನಿಗಳೂ ಆ ಮಾತನ್ನು ಹಿಡಿದು ಅಧ್ಯಯನ ಮಾಡಿದರು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಕಾಡಿನ ಮೇಲೆ ಹಕ್ಕು ಬಂತು, ಸರಿ. ಆ ಕಾಡನ್ನು ಓದುವ ಕಣ್ಣು ಮುಂದಿನ ಮಕ್ಕಳಿಗೆ ಎಲ್ಲಿಂದ ಬರಬೇಕು?

ನಾನು ಮೂರರಿಂದ ಆರು ವರ್ಷದ, ಅಂದರೆ ಅಂಗನವಾಡಿ ವಯಸ್ಸಿನ ಮಕ್ಕಳ ಬಗ್ಗೆಯೇ ಹೇಳುವುದಕ್ಕೆ ಕಾರಣ ಇದೆ. ಪೋಡಿನ ಎಷ್ಟೋ ಮಕ್ಕಳು ಒಂದನೇ ತರಗತಿಗೆ ಆಶ್ರಮ ಶಾಲೆಗೆ ಹೋಗುತ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ. ಮನೆಗೆ ಬರುವುದು ರಜೆಯಲ್ಲಿ. ಅಂದರೆ ಅಜ್ಜಿಯ ಸೆರಗು ಹಿಡಿದು ಓಡಾಡಲು ಆ ಮಕ್ಕಳಿಗೆ ಸಿಗುವುದು ಈ ಮೂರು ನಾಲ್ಕು ವರ್ಷ ಮಾತ್ರ. ಆ ವರ್ಷಗಳಲ್ಲೂ ಬೆಳಗಿನ ಹೊತ್ತನ್ನು ನಾವು ಅಂಗನವಾಡಿಗೆ ತೆಗೆದುಕೊಂಡಿದ್ದೇವೆ. ತೆಗೆದುಕೊಂಡ ಮೇಲೆ ಅಜ್ಜಿಯನ್ನೂ ಒಳಗೆ ಕರೆಯಬೇಕಲ್ವಾ?

ಹೀಗೆ ಕರೆದವರು ಇದ್ದಾರೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನ. ಮಕ್ಕಳ ಬಾಯಲ್ಲಿ ತಮ್ಮ ಭಾಷೆ ಸಾಯುತ್ತಿದೆ ಅನ್ನುವುದು ಅವರಿಗೆ ಅರ್ಥವಾಯಿತು. 1982ರಲ್ಲಿ ವೈನುಯೊಮಾಟ ಎಂಬಲ್ಲಿ ಮೊದಲ 'ಕೊಹಂಗ ರೆಯೊ' ತೆರೆದರು. ಅಂದರೆ ಮಾತಿನ ಗೂಡು. ಅಲ್ಲಿ ಮಕ್ಕಳ ಜೊತೆ ಅಜ್ಜ ಅಜ್ಜಿಯರು ಕೂರುತ್ತಾರೆ, ಮಾವೊರಿಯಲ್ಲೇ ಮಾತಾಡುತ್ತಾರೆ, ಹಾಡುತ್ತಾರೆ, ಉಣ್ಣುತ್ತಾರೆ. 1996ರಲ್ಲಿ ಆ ದೇಶ ಇಡೀ ನಾಡಿನ ಪುಟ್ಟ ಮಕ್ಕಳಿಗಾಗಿ ಪಠ್ಯಕ್ರಮ ತಂದಾಗ ಅದಕ್ಕೆ 'ತೆ ಫಾರಿಕಿ' ಎಂದು ಮಾವೊರಿ ಹೆಸರನ್ನೇ ಇಟ್ಟಿತು. ಹೆಣೆದ ಚಾಪೆ ಎಂದು ಅದರ ಅರ್ಥ. ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು ಅವರು ತಮ್ಮ ಪರಿಚಯ ಹೇಳಿಕೊಳ್ಳುವ ರೀತಿ. ಮೊದಲು 'ನನ್ನ ಬೆಟ್ಟ ಇಂಥದ್ದು' ಅನ್ನುತ್ತಾರೆ. ಆಮೇಲೆ 'ನನ್ನ ಹೊಳೆ ಇಂಥದ್ದು'. ಆಮೇಲೆ ಬಳಗ. ತಮ್ಮ ಹೆಸರು ಕೊನೆಗೆ. ಪುಟ್ಟ ಮಕ್ಕಳೂ ಇದನ್ನು ಕಲಿಯುತ್ತಾರೆ.

ಸೋಲಿಗರ ಮಗುವಿಗೆ ಇದು ಹೊಸದೇ? ಎಲ್ಲೆ, ಕುಲ, ಅಬ್ಬಿ, ದೇವರು, ಎಲ್ಲ ಆ ಮಗುವಿನ ಮನೆಯಲ್ಲೇ ಇವೆ. ನಾವು ಕೇಳುವುದು 'ನಿನ್ನ ಹೆಸರೇನು' ಅಂತ ಮಾತ್ರ.

ಮಾತಿನ ವಿಷಯಕ್ಕೆ ಬರುತ್ತೇನೆ. ಸೋಲಿಗರ ನುಡಿ ಕನ್ನಡಕ್ಕೆ ಬಹಳ ಹತ್ತಿರ. ಹತ್ತಿರ ಇರುವುದೇ ತೊಂದರೆಯಾಗಿದೆ. ಪೂರ್ತಿ ಬೇರೆ ನುಡಿಯಾಗಿದ್ದರೆ 'ಪಾಪ, ಮಗುವಿಗೆ ಕನ್ನಡ ಬರುವುದಿಲ್ಲ' ಎಂದು ತಾಳ್ಮೆಯಿಂದ ಕಲಿಸುತ್ತಿದ್ದೆವು. ಹತ್ತಿರ ಇರುವುದರಿಂದ 'ತಪ್ಪು ಕನ್ನಡ' ಎಂದು ತಿದ್ದುತ್ತೇವೆ. ಮೂರು ವರ್ಷದ ಮಗುವಿಗೆ ಅದು ಹೇಗೆ ಕೇಳಿಸುತ್ತದೆ ಗೊತ್ತಾ? 'ನಿನ್ನ ಅಮ್ಮ ಆಡುವುದು ತಪ್ಪು' ಅಂದ ಹಾಗೆ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತಿನಲ್ಲೇ ಕಲಿಸಿ ಅನ್ನುತ್ತದೆ. ಆ ಮಾತು ಪೋಡಿನವರೆಗೂ ನಡೆದು ಬರಬೇಕು. ಪಟ್ಟಣದ ಕನ್ನಡವೂ ಮಕ್ಕಳಿಗೆ ಬೇಕು, ಖಂಡಿತ ಬೇಕು. ಮನೆಮಾತಿನ ಪಕ್ಕದಲ್ಲಿ ಅದೂ ಬರಲಿ.

ಏನು ಮಾಡಬಹುದು ಎಂದು ಅಂಗನವಾಡಿ ಟೀಚರ್‌ಗಳು ನನ್ನನ್ನು ಕೇಳುತ್ತಾರೆ. ಜೇನಿನಿಂದ ಶುರುಮಾಡಿ ಅನ್ನುತ್ತೇನೆ. ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ. ನಾಲ್ಕು ಹುಳು, ನಾಲ್ಕು ಗೂಡು, ನಾಲ್ಕು ರುಚಿ. ಚಿಕ್ಕದು ದೊಡ್ಡದು, ಮೇಲೆ ಕೆಳಗೆ, ಒಳಗೆ ಹೊರಗೆ, ಎಲ್ಲ ಇದರಲ್ಲೇ ಕಲಿಸಬಹುದು. ಕಡ್ಡಿಜೇನು ಕಟ್ಟುವುದು ಸಣ್ಣ ಕೊಂಬೆಗೆ, ತುಡುವೆ ಮರದ ಪೊಟರೆಯೊಳಗೆ. ಎಣಿಸಲು ಪ್ಲಾಸ್ಟಿಕ್ ಮಣಿ ಯಾಕೆ, ಅಂಟುವಾಳ ಕಾಯಿ, ನೆಲ್ಲಿ ಬೀಜ ಇಲ್ವಾ? ದಾರಿಯಲ್ಲಿ ಆನೆ ಇಲ್ಲ ಎಂದು ಪೋಡಿನವರು ಹೇಳಿದ ದಿನ, ಅವರನ್ನೇ ಮುಂದಿಟ್ಟುಕೊಂಡು ಮಕ್ಕಳನ್ನು ಹತ್ತಿರದ ಹೊಲದ ಅಂಚಿಗೋ ಅಬ್ಬಿಗೋ ಕರೆದೊಯ್ಯಿರಿ.

ಎರಡು ಎಚ್ಚರ ಮಾತ್ರ ಹೇಳುತ್ತೇನೆ. ದೇವರ ಜಾಗದ ಕತೆಗಳೆಲ್ಲ ತರಗತಿಗೆ ಬರಬೇಕೆಂದಿಲ್ಲ. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎನ್ನುವುದನ್ನು ಪೋಡಿನ ಹಿರಿಯರೇ ತೀರ್ಮಾನಿಸಲಿ. ಇನ್ನೊಂದು, ಸೋಲಿಗರು ಹಾಡುತ್ತಾ ಕುಣಿಯುವ ಗೊರುಕನ ಕುಣಿತವನ್ನು ಆಗಸ್ಟ್ 15ಕ್ಕೆ ಮಾತ್ರ ಎಲೆ ಸುತ್ತಿ ಕುಣಿಸುವ ಐಟಂ ಮಾಡಬೇಡಿ. ನನಗೆ ಅದು ನೋವು ಕೊಡುತ್ತದೆ. ಆ ಹಾಡು ಅವರ ದಿನದ ಬದುಕಿನದ್ದು.

ಮತ್ತೆ ಅಜ್ಜಿಯ ಸಮಯಕ್ಕೂ ಬೆಲೆ ಇದೆ. ಅವರು ಒಂದು ಬೆಳಿಗ್ಗೆ ಅಂಗನವಾಡಿಗೆ ಬಂದರೆ ಒಂದು ಬೆಳಗಿನ ಕೂಲಿ ಹೋಗುತ್ತದೆ. ಅವರಿಗೂ ಗೌರವಧನ ಇರಬೇಕು. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾದದ್ದು 1975ರಲ್ಲಿ, ಈ ಬೆಟ್ಟಕ್ಕೆ ಹೆಚ್ಚು ದೂರವಿಲ್ಲದ ಟಿ. ನರಸೀಪುರದಲ್ಲಿ. ಊಟಕ್ಕೆ, ತೂಕಕ್ಕೆ, ಚುಚ್ಚುಮದ್ದಿಗೆ ದಾರಿ ಮಾಡಿಕೊಂಡ ಯೋಜನೆ ಅದು. ಒಬ್ಬ ಅಜ್ಜಿಗೂ ಅದರಲ್ಲಿ ದಾರಿಯಾದೀತು.

ಒಂದು ಪೋಡಿನಲ್ಲಿ ಹಾಗೆ ಒಬ್ಬ ಅಜ್ಜಿ ಬಂದಿದ್ದರು. ಮಕ್ಕಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೋಲಿನಿಂದ ನೂರೆ ಗೆಣಸು ಅಗೆದರು. ಗೆಣಸು ತೆಗೆದಾದ ಮೇಲೆ ಬಳ್ಳಿಯ ಬುಡವನ್ನು ಮತ್ತೆ ಗುಂಡಿಗೆ ಇಟ್ಟರು. 'ಮಣ್ಣು ಮುಚ್ಚಿ, ಇದು ಮುಂದಿನ ವರ್ಷಕ್ಕೆ' ಅಂದರು. ಹನ್ನೊಂದು ಮಕ್ಕಳು ಮುಗಿಬಿದ್ದು ಮಣ್ಣು ಎಳೆದರು. ಒಬ್ಬ ಹುಡುಗ ಮಾತ್ರ ಎದ್ದು ಬರಲೇ ಇಲ್ಲ. ಎರಡೂ ಅಂಗೈಯಲ್ಲಿ ಆ ಜಾಗವನ್ನು ತಟ್ಟುತ್ತಲೇ ಕುಳಿತಿದ್ದ. ಟೀಚರ್ ಅವನನ್ನು ಕರೆಯಲಿಲ್ಲ. ಪಕ್ಕಕ್ಕೆ ಹೋಗಿ ತಾವೂ ಕುಳಿತುಕೊಂಡರು.

ನಮಸ್ಕಾರ.