ಕುತ್ತಿಗೆಯ ಎಲುಬು ಕೂಡಬೇಕಾದರೆ

ಕೇಳುಗರಿಗೆ ನಮಸ್ಕಾರ. ಕುತ್ತಿಗೆಯ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಗೆ ಹೇಗೆ ಸಿದ್ಧರಾಗಬೇಕು, ಅದಾದ ಮೇಲೆ ಹೇಗೆ ಚೇತರಿಸಿಕೊಳ್ಳಬೇಕು ಎಂಬುದು ಇಂದಿನ ವಿಷಯ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಊರುಗಳಲ್ಲಿ, ಕುತ್ತಿಗೆಗೆ ಕತ್ತರಿ ಹಾಕಿದರೆ ಕೈಕಾಲು ಹೋಗುತ್ತವೆ ಎಂದು ಯಾರೋ ಹೇಳಿದ್ದನ್ನು ನಂಬಿ ಹೆದರಿ ಕುಳಿತಿರುವ ಹಿರಿಯರನ್ನೂ ಅವರ ಮನೆಯವರನ್ನೂ ನೆನೆದು ನಾನು ಮಾತನಾಡುತ್ತಿದ್ದೇನೆ. ನಿಮಗೆ ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ: ತಂಬಾಕು ಬಿಡಿ.

ನಮ್ಮ ಕುತ್ತಿಗೆಯಲ್ಲಿ 7 ಎಲುಬುಗಳಿವೆ. ಅವುಗಳ ನಡುವೆ ಮೆತ್ತನೆಯ ಡಿಸ್ಕ್‌ಗಳಿವೆ, ಹಿಂಬದಿಯಲ್ಲಿ ಮಿದುಳಿನಿಂದ ಕೆಳಗಿಳಿಯುವ ನರಗಳ ಬಳ್ಳಿ ಇದೆ. ಡಿಸ್ಕ್ ಸರಿದು ಕೈಗೆ ಹೋಗುವ ಒಂದು ನರವಷ್ಟೇ ಒತ್ತಿಕೊಂಡಿದ್ದರೆ ಬಹಳಷ್ಟು ಜನರಿಗೆ ಔಷಧಿ ಮತ್ತು ವ್ಯಾಯಾಮದಿಂದಲೇ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಆದರೆ ನರಗಳ ಬಳ್ಳಿಯೇ ಒತ್ತಿಕೊಂಡಾಗ ಮಾತು ಬೇರೆ. ಅಂಗಿಯ ಗುಂಡಿ ಹಾಕಲು ಬೆರಳು ಕೇಳುವುದಿಲ್ಲ, ನಡೆಯುವಾಗ ತೂರಾಡುತ್ತದೆ, ಕಾಲಿನಿಂದ ಚಪ್ಪಲಿ ಜಾರಿ ಹೋದದ್ದೂ ತಿಳಿಯುವುದಿಲ್ಲ. ಇಂಥವರು ಎಣ್ಣೆ ತಿಕ್ಕಿಸಿಕೊಳ್ಳುತ್ತ, ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುವಿಸಿ ಲಟಕ್ಕೆನ್ನಿಸಿಕೊಳ್ಳುತ್ತ ತಿಂಗಳುಗಟ್ಟಲೆ ಕಾಯುವುದನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕೈಕಾಲಿನ ಶಕ್ತಿ ಕುಂದುವುದು ಬಹುತೇಕ ಹೀಗೆ ತಡ ಮಾಡಿದ್ದರಿಂದಲೇ.

ಹೆಚ್ಚಾಗಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆಯ ಮುಂಭಾಗದಲ್ಲಿ ಸಣ್ಣ ಗಾಯ ಮಾಡಿ, ಕೆಟ್ಟ ಡಿಸ್ಕ್ ತೆಗೆದು, ಆ ಜಾಗದಲ್ಲಿ ಎಲುಬಿನ ತುಂಡನ್ನೋ ಪಂಜರದಂಥ ಟೊಳ್ಳಾದ ಚಿಕ್ಕ ಸಾಧನವನ್ನೋ ಇಟ್ಟು, ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುತ್ತೇವೆ. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಮೇಲಿನ ಎಲುಬೂ ಕೆಳಗಿನ ಎಲುಬೂ ಬೆಳೆದು ಒಂದಾಗಬೇಕಾದದ್ದು ನಿಮ್ಮ ಮೈಯೊಳಗೆ, ಅದಕ್ಕೆ 3 ತಿಂಗಳಿನಿಂದ ಒಂದು ವರ್ಷದವರೆಗೆ ಹಿಡಿಯುತ್ತದೆ. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸಿ, ಹೊಸ ಎಲುಬು ಬೆಳೆಯುವುದಕ್ಕೆ ಅಡ್ಡಿ ಮಾಡುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲರೊಬ್ಬರು ನನ್ನಲ್ಲಿಗೆ ಬಂದಿದ್ದರು. ಕೈಯಲ್ಲಿ ಹಿಡಿದ ಚಹಾದ ಕಪ್ಪು ಗೊತ್ತಿಲ್ಲದೆ ಜಾರಿ ಬೀಳುತ್ತದೆ, ಕೂಲಿಯ ನೋಟು ಎಣಿಸಲು ಬರುವುದಿಲ್ಲ ಎಂಬುದು ಅವರ ದೂರು. ಮುಷ್ಟಿ ಕಟ್ಟಿ ಬಿಚ್ಚಿ ತೋರಿಸಲು ಹೇಳಿದೆ. ಆರೋಗ್ಯವಂತರು ಇದನ್ನು 10 ಸೆಕೆಂಡಿನಲ್ಲಿ 20 ಬಾರಿ ಸಲೀಸಾಗಿ ಮಾಡುತ್ತಾರೆ, ಇವರಿಗೆ ಅದರ ಅರ್ಧವೂ ಆಗಲಿಲ್ಲ. ಎಂಆರ್‌ಐ ಮಾಡಿಸಿ, ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡಿ, ತಂಬಾಕು ಪೂರ್ತಿ ನಿಲ್ಲಿಸಬೇಕೆಂದು ಹೇಳಿ ಕಳಿಸಿದೆ. ಮುಂದೆ ಪ್ರತಿ ಭೇಟಿಯಲ್ಲಿಯೂ ನಾನು ಅದನ್ನೇ ಕೇಳುವುದು, ಅವರು "ಬೀಡಿ ಮುಟ್ಟಿಲ್ರೀ ಸಾಹೇಬ್ರ, ದೇವರಾಣಿ" ಎನ್ನುವುದು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಯಿತು, ಬೆರಳುಗಳಿಗೆ ಬಲ ಬರತೊಡಗಿತು, ಆದರೆ ತಿಂಗಳುಗಳು ಕಳೆದರೂ ಎಕ್ಸ್‌ರೇಯಲ್ಲಿ ಎಲುಬು ಕೂಡಿದ ಲಕ್ಷಣವೇ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ, ಊಟಕ್ಕೆ ಕೊರತೆ ಇಲ್ಲ, ಮತ್ತೇಕೆ ಹೀಗೆ ಎಂದು ನಾನು ಫಿಲ್ಮ್ ಹಿಡಿದು ಯೋಚಿಸುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ, "ಬೀಡಿ ಬಿಟ್ಟಾರ್ರೀ, ಖರೇ. ಕಿಸೇದಾಗಿನ ಚೀಟ ತಗಸ್ರಿ ಮೊದಲ" ಎಂದರು. ಯಜಮಾನರು ನೆಲ ನೋಡುತ್ತ ಜೇಬಿನಿಂದ ತಂಬಾಕಿನ ಚೀಟನ್ನೂ ಸುಣ್ಣದ ಡಬ್ಬಿಯನ್ನೂ ತೆಗೆದು ಮೇಜಿನ ಮೇಲಿಟ್ಟರು. ಸೇದುವುದು ಮಾತ್ರ ತಂಬಾಕು, ದವಡೆಯಲ್ಲಿಟ್ಟುಕೊಳ್ಳುವುದು ಲೆಕ್ಕಕ್ಕಿಲ್ಲ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆ ಡಬ್ಬಿ ಮತ್ತೆ ಅವರ ಜೇಬಿಗೆ ಹೋಗದಂತೆ ಆ ತಾಯಿ ನೋಡಿಕೊಂಡರು. ಕೊನೆಗೂ ಎಲುಬು ಕೂಡಿತು, ಆದರೆ ಬಹಳ ತಡವಾಗಿ.

ಆದ್ದರಿಂದ ಬೀಡಿ, ಸಿಗರೇಟು, ಗುಟ್ಕಾ, ನಶ್ಯ, ಎಲೆ ಅಡಿಕೆಯ ಜೊತೆಗಿನ ತಂಬಾಕು, ಎಲ್ಲವೂ ಒಂದೇ. ಶಸ್ತ್ರಚಿಕಿತ್ಸೆಗೆ ಕನಿಷ್ಠ 4 ವಾರ ಮೊದಲು ನಿಲ್ಲಿಸಿ, ಎಲುಬು ಕೂಡುವವರೆಗೆ ಮುಟ್ಟಬೇಡಿ. ಒಬ್ಬರಿಂದ ಆಗದಿದ್ದರೆ 1800 112 356 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಿ.

ಸಮಯ ಓಡುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತನ್ನಿ. ರಕ್ತ ತೆಳುವಾಗಿಸುವ ಗುಳಿಗೆಯನ್ನು ಎಂದು ನಿಲ್ಲಿಸಬೇಕೆಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂಡುವ ಶೌಚಾಲಯವಿದ್ದರೆ ಕಮೋಡ್ ಕುರ್ಚಿ ತಂದಿಡಿ, ದಿನಬಳಕೆಯ ಪಾತ್ರೆಗಳನ್ನು ಸೊಂಟದ ಎತ್ತರಕ್ಕೆ ಜೋಡಿಸಿ. ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ನುಂಗುವುದು ಕಷ್ಟ, ದನಿಯೂ ಗೊಗ್ಗರಾಗಬಹುದು, ಅದಕ್ಕೆ ಗಾಬರಿಯಾಗಬೇಡಿ. ಗಂಜಿ, ಅಂಬಲಿ, ಮೆತ್ತಗಿನ ಅನ್ನ ಸಾಕು, ಖಡಕ್ ರೊಟ್ಟಿ ಸ್ವಲ್ಪ ಕಾಯಲಿ. ಏಳುವಾಗ ಮೊದಲು ಮೈಯನ್ನು ಒಟ್ಟಾಗಿ ಮಗ್ಗುಲಿಗೆ ಹೊರಳಿಸಿ, ಕೈಯೂರಿ ಏಳಿ. ಕುತ್ತಿಗೆಯ ಪಟ್ಟಿ ಬೇಕೇ, ಎಷ್ಟು ದಿನ ಬೇಕು ಎಂಬುದನ್ನು ನಿಮ್ಮ ವೈದ್ಯರು ಹೇಳುತ್ತಾರೆ, ಎದುರುಮನೆಯವರಲ್ಲ. ಮೊದಲ ವಾರಗಳಲ್ಲಿ 2 ಕಿಲೋಗಿಂತ ಭಾರ ಎತ್ತಬೇಡಿ. ನೀರು ತುಂಬಿದ ಕೊಡ ಅದಕ್ಕಿಂತ ಎಷ್ಟೋ ಪಟ್ಟು ಭಾರ ಎಂಬುದನ್ನು ಅಕ್ಕತಂಗಿಯರಿಗೆ ವಿಶೇಷವಾಗಿ ಹೇಳುತ್ತೇನೆ. ವೈದ್ಯರು ಒಪ್ಪುವ ತನಕ ಬೈಕ್ ಹತ್ತಬೇಡಿ. ಆದರೆ ದಿನಾ ನಡೆಯಿರಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ನೋವಿನ ಗುಳಿಗೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಅವುಗಳಲ್ಲಿ ಕೆಲವು ಎಲುಬು ಕೂಡುವುದನ್ನು ನಿಧಾನಿಸಬಲ್ಲವು.

ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ ಆ ದಿನವೇ ವೈದ್ಯರಿಗೆ ತೋರಿಸಿ. ಕುತ್ತಿಗೆ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದರೆ, ಕೈಕಾಲು ಹೊಸದಾಗಿ ಸೋತರೆ, ಮೂತ್ರ ಹತೋಟಿ ತಪ್ಪಿದರೆ ಬೆಳಗಾಗಲಿ ಎಂದು ಕಾಯದೆ, ಮಧ್ಯರಾತ್ರಿಯಾದರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಬನ್ನಿ. ನಮಸ್ಕಾರ.