ಮಿನಿ ಹಿಟಾಚಿಗೆ ಗ್ರ್ಯಾಪಲ್: ಕೊಳ್ಳುವ ಮುನ್ನ

ಕೇಳುಗರೆ, ನಮಸ್ಕಾರ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ 3 ಟನ್ನಿನ ಸಣ್ಣ ಎಕ್ಸ್‌ಕವೇಟರ್ ಈಗ ಹೊಸದೇನಲ್ಲ. ಕಂಪನಿ ಯಾವುದೇ ಇರಲಿ, ನಮ್ಮ ಬಾಯಲ್ಲಿ ಅದು ಮಿನಿ ಹಿಟಾಚಿ. ಗುಂಡಿ, ಚರಂಡಿ ಮುಗಿದ ಮೇಲೆ ಅದೇ ಗಾಡಿಯಲ್ಲಿ ಸಿಲ್ವರ್ ಓಕ್ ದಿಮ್ಮಿ ಲೋಡ್ ಮಾಡಬಹುದಲ್ಲ, ಮರಗಸಿಯಲ್ಲಿ, ಅಂದರೆ ನೆರಳಿನ ಮರ ಸವರುವಾಗ, ಬಿದ್ದ ಕೊಂಬೆ ಎತ್ತಿ ರಾಶಿ ಹಾಕಬಹುದಲ್ಲ ಅನ್ನಿಸುವುದು ಸಹಜ. ಅದಕ್ಕೆ ಬೇಕಾದದ್ದು ಗ್ರ್ಯಾಪಲ್, ಅಂದರೆ ತೋಳಿನ ತುದಿಯಲ್ಲಿ ಕೂರುವ ಉಕ್ಕಿನ ಹಿಡಿ. ಕೊಳ್ಳಲು ಹೋದವರು ಮೊದಲು ಕೇಳುವುದು ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂದು. ಆ ಪ್ರಶ್ನೆ ಕೊನೆಗಿರಲಿ. ಮೊದಲು ತೂಕ, ಆಮೇಲೆ ಹೈಡ್ರಾಲಿಕ್ ಎಣ್ಣೆಯ ಲೈನು, ಬಾಯಿ ಆಮೇಲೆ.

ಗಾಡಿಯ ಪುಸ್ತಕದಲ್ಲಿ ಲೋಡ್ ಚಾರ್ಟ್ ಇರುತ್ತದೆ. ಎಷ್ಟು ದೂರಕ್ಕೆ, ಎಷ್ಟು ಎತ್ತರಕ್ಕೆ, ಎಷ್ಟು ಕಿಲೋ ಎಂದು ಮುಂದಕ್ಕೊಂದು, ಪಕ್ಕಕ್ಕೊಂದು ಲೆಕ್ಕ ಕೊಟ್ಟಿರುತ್ತಾರೆ. ಗಾಡಿಯ ಮುಂದಿನ ಮಣ್ಣು ತಳ್ಳುವ ಬ್ಲೇಡ್ ನೆಲಕ್ಕೂರಿ ಮುಂದಕ್ಕೆ ಎತ್ತುವ ಅಂಕಿ ದೊಡ್ಡದಾಗಿ ಕಾಣುತ್ತದೆ. ಅದನ್ನು ನಂಬಬೇಡಿ. ಲಾರಿಗೆ ತುಂಬುವಾಗ ಗಾಡಿ ತಿರುಗಲೇಬೇಕು, ಹಾಗಾಗಿ ಪಕ್ಕದ ಅಂಕಿಯೇ ನಿಮ್ಮ ಅಂಕಿ. 3 ಮೀಟರ್ ದೂರದಲ್ಲಿ ಪಕ್ಕಕ್ಕೆ 500 ಕಿಲೋ ಎಂದಿದೆ ಅಂದುಕೊಳ್ಳಿ. ಆ ಅಂಕಿಯಲ್ಲಿ ಬಕೆಟ್ ಸೇರಿದೆಯೋ ಇಲ್ಲವೋ ಎಂದು ಚಾರ್ಟಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ. ಸೇರಿಲ್ಲದಿದ್ದರೆ ತೋಳಿಗೆ ನೇತುಹಾಕಿದ್ದೆಲ್ಲ ಕಳೆಯಬೇಕು. ಗ್ರ್ಯಾಪಲ್ 150, ತಿರುಗಿಸುವ ರೊಟೇಟರ್ 35, ಬಕೆಟ್ ಬೇಗ ಬದಲಿಸಲು ಹಾಕುವ ಕ್ವಿಕ್ ಹಿಚ್ 50 ಕಿಲೋ ಆದರೆ ಮರಕ್ಕೆ ಉಳಿಯುವುದು 265.

ಈಗ ದಿಮ್ಮಿಯ ತೂಕ. ನಾಟಾ ಅಳೆಯುವವರ ಲೆಕ್ಕ ನಿಮಗೆ ಗೊತ್ತು: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು. 3 ಅಡಿ ಸುತ್ತಳತೆ, 12 ಅಡಿ ಉದ್ದಕ್ಕೆ 6.75 ಘನ ಅಡಿ ಬರುತ್ತದೆ. ಆದರೆ ಈ ವ್ಯಾಪಾರದ ಲೆಕ್ಕ ನಿಜವಾದ ಗಾತ್ರಕ್ಕಿಂತ ಕಡಿಮೆ ತೋರಿಸುತ್ತದೆ. ತೂಕ ಬೇಕಾದರೆ ಅದಕ್ಕೆ ನೂರಕ್ಕೆ 27 ಸೇರಿಸಬೇಕು, ಆಗ ಸುಮಾರು 8.6 ಘನ ಅಡಿ. ಹಸಿ ಮರವನ್ನು ನೀರಿನ ತೂಕಕ್ಕೆ, ಅಂದರೆ ಘನ ಅಡಿಗೆ 28 ಕಿಲೋದಂತೆ ಹಿಡಿದರೆ 240 ಕಿಲೋ ಆಯಿತು. ಮೇಲಿನ ಗಾಡಿಗೆ ಇದು ಅಂಚಿನ ಭಾರ. ಅದೇ ಉದ್ದದ ದಿಮ್ಮಿಯ ಸುತ್ತಳತೆ 4 ಅಡಿ ಇದ್ದರೆ ತೂಕ 430 ಕಿಲೋ. ಅದನ್ನು ಎತ್ತಲು ಹೋದರೆ ಒಂದು ಬದಿಯ ಟ್ರ್ಯಾಕ್ ನೆಲ ಬಿಡಬಹುದು. ಗಟ್ಟಿ ಜಾತಿಯ ಕಾಡುಮರ ಇದಕ್ಕೂ ಭಾರ ಬರಬಹುದು. ಆದ್ದರಿಂದ ಸಣ್ಣ ಗಾಡಿಗೆ ದೊಡ್ಡ ಬಾಯಿಯ ಗ್ರ್ಯಾಪಲ್ ಹಾಕುವುದೆಂದರೆ ಎತ್ತುವ ಶಕ್ತಿಯನ್ನೇ ಕಬ್ಬಿಣಕ್ಕೆ ಕೊಟ್ಟು ಕೂತಂತೆ.

ಇನ್ನು ಎಣ್ಣೆ. ಕಲ್ಲು ಒಡೆಯುವ ಬ್ರೇಕರ್‌ಗೆಂದು ಹಾಕಿದ ಲೈನು ಒಂದೇ ದಿಕ್ಕಿನದು: ಒಂದು ಪೈಪಿನಲ್ಲಿ ಒತ್ತಡದ ಎಣ್ಣೆ ಹೋಗುತ್ತದೆ, ಇನ್ನೊಂದರಲ್ಲಿ ನೇರ ಟ್ಯಾಂಕಿಗೆ ವಾಪಸ್ಸು. ಗ್ರ್ಯಾಪಲ್‌ಗೆ ಮುಚ್ಚಲೂ ಒತ್ತಡ ಬೇಕು, ತೆರೆಯಲೂ ಬೇಕು. ಒಂದೇ ದಿಕ್ಕಿನ ಲೈನಿಗೆ ಜೋಡಿಸಿದರೆ ಬಾಯಿ ಮುಚ್ಚುತ್ತದೆ, ತೆರೆಯುವುದಿಲ್ಲ. ಹಲವು ಗಾಡಿಗಳಲ್ಲಿ ಎರಡೂ ದಿಕ್ಕಿಗೆ ಬದಲಿಸುವ ವಾಲ್ವ್ ಇರುತ್ತದೆ. ಅದು ಬ್ರೇಕರ್ ಕಡೆಗೇ ತಿರುಗಿಕೊಂಡಿದ್ದರೂ ಇದೇ ತೊಂದರೆ, ಗ್ರ್ಯಾಪಲ್ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಅಲ್ಲಿ ನೋಡಿ. ರೊಟೇಟರ್‌ಗೆ ಬೇರೆಯೇ ಲೈನು ಬೇಕು, ಇಲ್ಲವೇ ಒಂದೇ ಲೈನನ್ನು ಗುಂಡಿ ಒತ್ತಿ ಹಂಚುವ ಸೊಲೆನಾಯ್ಡ್ ವಾಲ್ವ್ ಬೇಕು. ಎಣ್ಣೆ ಹೆಚ್ಚು ಹರಿದರೆ ರೊಟೇಟರ್ ಬುಗುರಿಯಂತೆ ಸುತ್ತಿ, ದಿಮ್ಮಿಯ ತುದಿ ಹತ್ತಿರ ನಿಂತವರ ಎದೆಗೆ ಬಡಿಯುತ್ತದೆ. ಹರಿವನ್ನು ಅದರ ತಯಾರಕರು ಹೇಳಿದ ಮಿತಿಗೆ ಇಳಿಸಿಯೇ ಓಡಿಸಿ.

ಗಾಡಿಯಲ್ಲಿ ಎರಡು ದಿಕ್ಕಿನ ಲೈನು ಇಲ್ಲವೇ ಇಲ್ಲ ಎಂದರೆ ಹೋಸ್ ಬೇಡದ ಗ್ರ್ಯಾಪಲ್ಲೂ ಇದೆ. ಅದರ ಹಿಂದಿನ ಅರ್ಧ ಒಂದು ಗಟ್ಟಿ ಸರಳಿನಿಂದ ತೋಳಿಗೆ ನಿಂತಿರುತ್ತದೆ, ಮುಂದಿನ ಅರ್ಧವನ್ನು ಬಕೆಟ್ ಸಿಲಿಂಡರೇ ಮುಚ್ಚುತ್ತದೆ. ಕೊಂಬೆ ರಾಶಿಗೆ ಇದು ಬಹಳ ಒಳ್ಳೆಯದು. ಹಲ್ಲುಗಳ ಸಂದಿಯಲ್ಲಿ ಮಣ್ಣು ಉದುರಿಹೋಗುತ್ತದೆ, ಸೌದೆ ಕೊಯ್ಯುವಾಗ ಗರಗಸದ ಚೈನ್ ಬೇಗ ಮೊಂಡಾಗುವುದಿಲ್ಲ. ಆದರೆ ತಿರುಗುವುದಿಲ್ಲ. ಅಡ್ಡ ಬಿದ್ದ ದಿಮ್ಮಿ ಹಿಡಿಯಲು ಇಡೀ ಗಾಡಿಯನ್ನೇ ಸರಿಸಬೇಕು. ಹಾಗೆ ಮಾಡದೆ ದಿಮ್ಮಿಯನ್ನು ಪಕ್ಕಕ್ಕೆ ಎಳೆದರೆ ಪಿನ್ನು, ಬುಶ್ ಸವೆದು ತೋಳಿನ ತುದಿ ಅಲ್ಲಾಡತೊಡಗುತ್ತದೆ.

ವರ್ಷಕ್ಕೆ ಹತ್ತಿಪ್ಪತ್ತು ದಿನದ ಮರದ ಕೆಲಸವಿರುವ ತೋಟಕ್ಕೆ ಬಕೆಟ್ಟಿನ ಎದುರಿಗೆ ಕೂರುವ ಹೈಡ್ರಾಲಿಕ್ ಹೆಬ್ಬೆರಳು, ಅಂದರೆ ಥಂಬ್, ಸಾಕು. ಬಕೆಟ್ ಬಿಚ್ಚುವ ಕೆಲಸವೇ ಇಲ್ಲ. ಅದರ ಪ್ಲೇಟನ್ನು ತೋಳಿಗೆ ಬೆಸೆಯುವಾಗ ಉದ್ದುದ್ದಕ್ಕೆ ಬೆಸುಗೆ ಹಾಕಿಸಿ. ತುದಿಗಳಲ್ಲಿ ಅಡ್ಡಡ್ಡ ಹಾಕಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬ್ಯಾಟರಿ ವೈರ್ ಬಿಚ್ಚಿಸದೆ ಬೆಸುಗೆಗೆ ಕೈ ಹಾಕಿಸಬೇಡಿ. ದಿನವಿಡೀ ಲೋಡಿಂಗ್ ಮಾಡುವ ಕಂತ್ರಾಟುದಾರರಿಗೆ ಮಾತ್ರ ತಿರುಗುವ ಗ್ರ್ಯಾಪಲ್ಲಿನ ದುಡ್ಡು ವಾಪಸ್ಸು ಬರುತ್ತದೆ. ಯಾವುದನ್ನೇ ಕೊಂಡರೂ ನಿಂತ ಮರವನ್ನು ಹಿಡಿದುಕೊಂಡು ಕೊಯ್ಯುವ ಯೋಚನೆ ಬೇಡ. ಮರ ಬೀಳುವಾಗ 3 ಟನ್ನಿನ ಗಾಡಿಯನ್ನೂ ಜೊತೆಗೆ ಎಳೆದೊಯ್ಯುತ್ತದೆ.

ಬಾಯಿಯ ವಿಷಯ ಇಷ್ಟೇ: ನಿಮ್ಮ ತೋಟದ ದಪ್ಪ ದಿಮ್ಮಿಯನ್ನು ಅರ್ಧಕ್ಕಿಂತ ಹೆಚ್ಚು ಸುತ್ತುವರಿಯಬೇಕು, ಪೂರ್ತಿ ಮುಚ್ಚಿದಾಗ ಮಣಿಕಟ್ಟಿನ ದಪ್ಪದ ಕೊಂಬೆಯೂ ಜಾರಬಾರದು. ತೋಳಿನ ಪಿನ್ನಿನ ದಪ್ಪ, ಎರಡು ಪಿನ್ನುಗಳ ನಡುವಿನ ದೂರ, ತೋಳಿನ ತುದಿಯ ಅಗಲ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡೇ ಹೋಗಿ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ. ದಿಮ್ಮಿಯನ್ನು ಹಿಡಿದು ನೆಲದಿಂದ ಅರ್ಧ ಅಡಿ ಎತ್ತಿ, ಇಂಜಿನ್ ಆಫ್ ಮಾಡಿ. ಗ್ರ್ಯಾಪಲ್ ಸಿಲಿಂಡರಿನ ರಾಡ್ ಒಳಹೋಗುವ ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು ದೂರ ನಿಲ್ಲಿ. ಹತ್ತು ನಿಮಿಷದ ನಂತರ ಗೆರೆ ಸರಿದಿದ್ದರೆ ಹಿಡಿತ ಕಾಯುವ ಚೆಕ್ ವಾಲ್ವ್ ಇಲ್ಲ, ಅಥವಾ ಸೀಲ್ ಸೋರುತ್ತಿದೆ. ಹೋಸ್ ಒಡೆದ ದಿನ ಕೆಳಗೆ ಬೀಳುವುದು ಅದೇ ದಿಮ್ಮಿ. ತಂದ ಮೇಲೆ ಮೊದಲ ಹತ್ತು ಗಂಟೆ ಓಡಿಸಿ ರೊಟೇಟರಿನ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿ ಮಾಡಿಸಿ, ಕೊಂಬೆಗೆ ಸಿಕ್ಕುವಂತೆ ಹೊರಗೆ ನೇತಾಡುವ ಹೋಸುಗಳನ್ನು ತೋಳಿಗೆ ಒತ್ತಿ ಕಟ್ಟಿಸಿ.